ನೆಂಟರನ್ನು ನೋಡಿ ಹೇಳುವ ವೆಂಡೆಲ್

ಹಿಟ್ಟು ಉಬ್ಬಿಸುವ ಯೀಸ್ಟಿನ ಒಂದೊಂದು ಜೀನಿಗೂ ಕಂಪ್ಯೂಟರಿನಲ್ಲಿ ಜಾತಕ ಬರೆದಿಡುವ ಅಮೆರಿಕದ ಮಿನೆಸೋಟದ ವೆಂಡೆಲ್ ಅವರಿಗೆ ಸದಾ ಗೊಂದಲ. ಯಾವುದೋ ಜೀನಿನ ಕೆಲಸ ತಿಳಿಯದಿದ್ದರೆ, ಯೀಸ್ಟಿನ ಬಳಗದ್ದೇ ಆದ ಬೇರೊಂದು ಬೂಷ್ಟಿನಲ್ಲಿರುವ ಅದರ ನೆಂಟನನ್ನು, ಎಂದರೆ ಅದನ್ನೇ ಹೋಲುವ ಜೀನನ್ನು ಹುಡುಕಿ, 'ಬಹುಶಃ ಇದರದೂ ಅದೇ ಕೆಲಸ' ಎಂದು ಬರೆಯುತ್ತಾರೆ; ಬರೆದ ಮೇಲೆ ಹೌದೋ ಅಲ್ಲವೋ ಎಂದು ತಲೆ ಕೆರೆದುಕೊಳ್ಳುತ್ತಾರೆ. ಕ್ಯಾಂಟೀನಿನಲ್ಲಿ ಹೊಸ ತಿಂಡಿ ಕಂಡರೂ ಬಡಿಸುವಾಕೆಯ ಬಳಿ ಅದೇ ಕಥೆ: "ಇದರ ನೆಂಟರು ಯಾರಮ್ಮಾ?" "ನಿನ್ನೆ ತಿಂದ್ರಲ್ಲ, ಆ ಡೋನಟ್ಟು. ಸುಮ್ನೆ ತಿನ್ನಿ ಮಾರಾಯ್ರೆ!" "ಆಧಾರ?" ಹೆಂಡತಿ ಮುದ್ದುಮಾತಾಡಿದರೂ "ಆಧಾರ?" ಎಂದು ಕೇಳಿ ಬೈಸಿಕೊಳ್ಳುವ ಆಸಾಮಿ. ಆದರೆ ಪ್ರತಿ ಭಾನುವಾರ ವೃದ್ಧಾಶ್ರಮದಲ್ಲಿ, ಮಗನ ಗುರುತನ್ನೂ ಮರೆತಿರುವ ತಾಯಿ ಅವರ ಮುಖವನ್ನೇ ದಿಟ್ಟಿಸಿ, "ಯಾರಪ್ಪಾ ನೀನು? ಮೂಗು ನಮ್ಮ ವೆಂಡೆಲ್‌ದೇ. ಹಾಗಾದ್ರೆ ಒಳ್ಳೆಯವನೇ ಇರ್ಬೇಕು, ಕೂತ್ಕೋ" ಎನ್ನುತ್ತಾರೆ. ವೆಂಡೆಲ್ ಆಧಾರ ಕೇಳುವುದಿಲ್ಲ, ಕೂತುಕೊಳ್ಳುತ್ತಾರೆ.