ದೊಡ್ಡವ್ವನ ಎಳನೀರು

ನಮ್ಮ ದೊಡ್ಡವ್ವನ ಅಂಗಳಕ್ಕೆ ಕಾಲಿಟ್ಟವರು ಎಳನೀರು ಕುಡಿಯದೆ ವಾಪಸು ಹೋದದ್ದನ್ನು ನಾನು ಕಂಡಿಲ್ಲ. ಮಚ್ಚು ತಾನೇ ಹಿಡಿದು ಮೂರೇ ಏಟಿಗೆ ಕೆತ್ತಿ ಕೈಗಿಡುತ್ತಿದ್ದಳು. ಒಂದು ಸಾಕು ಎಂದರೆ ಕೇಳುವ ಹೆಂಗಸಲ್ಲ. ಜನಗಣತಿಗೆ ಬಂದಿದ್ದ ಮೇಷ್ಟ್ರಿಗೆ ಮೂರು ಕುಡಿಸಿದ್ದಕ್ಕೆ, ಮನೆಯಲ್ಲಿ ಎಷ್ಟು ಜನ ಎಂದು ಬರೆದುಕೊಳ್ಳುವುದರೊಳಗೆ ಅವರು ಎರಡು ಸಲ ಬೇಲಿ ಮರೆಗೆ ಎದ್ದು ಹೋದರು. "ಉಚ್ಚೆ ಸಲೀಸಾದ್ರೆ ಅರ್ಧ ಕಾಯ್ಲೆ ಓದಂಗೆ ಕಣಪ್ಪ" ಎಂದು ಅವರನ್ನು ಸಮಾಧಾನಪಡಿಸಿದಳು. ಅವಳ ವೈದ್ಯಶಾಸ್ತ್ರವೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು.

ದುದ್ದದ ಹತ್ತಿರ ನಮ್ಮೂರು. ನನ್ನನ್ನು ಹೆತ್ತ ಮೂರನೇ ದಿನಕ್ಕೆ ಅವ್ವ ತೀರಿಕೊಂಡಳು. ಅವಳ ಅಕ್ಕನಾದ ಈ ದೊಡ್ಡವ್ವನೇ ನನ್ನನ್ನು ಸಾಕಿದ್ದು. ಗಂಡ ಸತ್ತ ಮೇಲೂ ತೋಟವನ್ನು ಒಬ್ಬಳೇ ನೋಡಿಕೊಂಡ ಹಟಮಾರಿ. ನಾನೂ ಅಷ್ಟೇ ಹಟಮಾರಿ. ಅವಳ ಕೈಯಲ್ಲಿ ಬೆಳೆದವನು ಇನ್ನು ಹೇಗಾದೇನು?

ಅರವತ್ತನಾಲ್ಕನೇ ಇಸವಿಯೋ ಅರವತ್ತೈದೋ ಇರಬೇಕು, ನನಗೆ ಇಪ್ಪತ್ತರ ಹತ್ತಿರ. ತೋಟದ ಬದುವಿನಲ್ಲಿ ನನಗೆ ಕೊಳಕುಮಂಡಲದ ಹಾವು ಕಚ್ಚಿತು. ಹಾಸನದಲ್ಲಿ ಆಸ್ಪತ್ರೆಗೆ ಸೇರಿಸಿ, ಇಂಜೆಕ್ಷನ್ ಕೊಡಿಸಿ ಜೀವ ಉಳಿಸಿದರು. ಆದರೆ ಮಾರನೆಯ ದಿನ ಉಚ್ಚೆ ನಿಂತುಹೋಯಿತು. ಮುಖ, ಕಾಲು ಬಾತುಕೊಂಡವು. ಕುಡಿಯಲು ಏನೂ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ದೊಡ್ಡವ್ವನ ಪಾಲಿಗೆ ಎಳನೀರು ಕುಡಿಯುವ ಪದಾರ್ಥವಲ್ಲ, ಮದ್ದು. ಡಾಕ್ಟರು ವಾರ್ಡು ನೋಡಿ ಅತ್ತ ಹೋದೊಡನೆ ಸೆರಗಿನ ಮರೆಯಿಂದ ಚೊಂಬು ಹೊರಗೆ ಬರುತ್ತಿತ್ತು. "ವಸಿ ಕುಡಿಲಾ, ದಾರಿ ಬುಟ್ಕತದೆ" ಎನ್ನುವಳು. ಎರಡು ದಿನದಲ್ಲಿ ಆರೇಳು ಎಳನೀರು ಒಳಗೆ ಹೋಯಿತು. ಹೊರಗೆ ಒಂದು ತೊಟ್ಟೂ ಬರಲಿಲ್ಲ.

ಮೂರನೆಯ ಬೆಳಿಗ್ಗೆ ನನಗೆ ಉಸಿರು ಕಟ್ಟತೊಡಗಿತು. ನಾಡಿ ಹಿಡಿದ ಡಾಕ್ಟರು ಮಂಚದ ಕೆಳಗಿನ ಚೊಂಬನ್ನು ನೋಡಿದರು.

"ಕಿಡ್ನಿ ಕೆಲಸ ನಿಲ್ಲಿಸಿದೆಯಮ್ಮ. ಎಳನೀರಲ್ಲಿರೋ ಉಪ್ಪು ಹೊರಗೆ ಹೋಗೋಕಾಗದೆ ಹೃದಯ ಹಿಡೀತಿದೆ. ಹಾವಿನ ವಿಷ ಸಾಲದು ಅಂತ ಇದನ್ನೂ ಕುಡಿಸಿದ್ರಾ?"

ದೊಡ್ಡವ್ವ ಚೊಂಬನ್ನೆತ್ತಿ ಕಿಟಕಿಯಾಚೆ ಸುರಿದಳು.

ಇರುವುದು ಎರಡೇ ದಾರಿ ಎಂದರು ಡಾಕ್ಟರು. ವೆಲ್ಲೂರಿನಲ್ಲಿ ರಕ್ತ ತೊಳೆಯುವ ಮಿಷನ್ ಇದೆ. ಕಾರಿನಲ್ಲಿ ಒಂದು ಹಗಲಿನ ದಾರಿ. ಇಲ್ಲೇ ಆಗಬೇಕೆಂದರೆ ಹೊಕ್ಕುಳ ಕೆಳಗೆ ತೂತು ಮಾಡಿ, ನಳಿಗೆಯಿಂದ ಹೊಟ್ಟೆಯೊಳಕ್ಕೆ ಮದ್ದಿನ ನೀರು ಬಿಟ್ಟು, ಅದು ಕೊಳೆ ಹೀರಿಕೊಂಡ ಮೇಲೆ ಹೊರಕ್ಕೆ ಹರಿಸಬೇಕು. ಎರಡು ದಿನ ಬಿಡದೆ ಮಾಡಬೇಕು. ಹೊಟ್ಟೆಯೊಳಗೆ ಕೀವಾಗುವ ಭಯವಿದೆ. "ಇದುವರೆಗೆ ಇಬ್ಬರಿಗೆ ಮಾಡಿದೀನಿ. ಒಬ್ಬ ಉಳಿದ. ಅರ್ಧ ಗಂಟೇಲಿ ಹೇಳಿ" ಎಂದರು.

ಚನ್ನರಾಯಪಟ್ಟಣದಿಂದ ಬಂದಿದ್ದ ನನ್ನ ಸೋದರಮಾವ ಆಗಲೇ ಕಾರು ಗೊತ್ತು ಮಾಡಿದ್ದ. "ಮಿಷನ್ ಅಂದ್ರೆ ಮಿಷನ್ನೇ ಅಕ್ಕಯ್ಯ. ಇಲ್ಲೇ ಒಟ್ಟೆ ತೂತು ಮಾಡುಸ್ಕಂಡು ಸಾಯ್ಲಿ ಅಂತೀಯಾ?"

ದೊಡ್ಡವ್ವನಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಗಿತ್ತು. ನನಗೆ ಎಲ್ಲವೂ ಕೇಳಿಸುತ್ತಿತ್ತು, ನಾಲಿಗೆ ಮಾತ್ರ ಏಳುತ್ತಿರಲಿಲ್ಲ. ಹೋದರೂ ಸಾವು, ಇದ್ದರೂ ಸಾವು ಅನ್ನಿಸಿತ್ತು.

ಕೊನೆಗೆ ಅವಳು ಡಾಕ್ಟರನ್ನು ಕೇಳಿದಳು. "ದಾರೀಲಿ ಇವ್ನ ಎದೆ ನಿಂತ್ರೆ ಕಾರ್ನಾಗೆ ಯಾರಿರ್ತಾರೆ ಸಾಮಿ?"

"ಡಾಕ್ಟರು ಅಂತ ಯಾರೂ ಇರಲ್ಲಮ್ಮ."

"ಇಲ್ಲಿ?"

"ನಾನಿರ್ತೀನಿ."

"ಅಂಗಾದ್ರೆ ಇಲ್ಲೇ ತೂತು ಮಾಡಿ."

ಹೆಬ್ಬೆಟ್ಟು ಒತ್ತಿದಳು. "ಅವ್ನು ಓದ್ರೆ ನಿನ್ ತಲೆ ಮ್ಯಾಲೇ ಬತ್ತದೆ" ಎಂದು ಮಾವ ಕಾರು ಕಳಿಸಲು ಹೊರಗೆ ಹೋದ.

ಆ ಎರಡು ದಿನ ನಾನು ಮಂಚಕ್ಕೆ ಮೊಳೆ ಹೊಡೆದ ಹಾಗಿದ್ದೆ. ಅಲ್ಲಾಡಿದರೆ ನಳಿಗೆ ಜಾರುತ್ತದೆ. ಮೇಲೆ ತೂಗುಹಾಕಿದ ಬಾಟಲಿಯಿಂದ ನೀರು ಇಳಿದು ಹೊಟ್ಟೆ ಬಿಗಿಯುವುದು. ಸ್ವಲ್ಪ ಹೊತ್ತಾದ ಮೇಲೆ ಕೆಳಗಿನ ಬಕೀಟಿಗೆ ಹರಿಯುವುದು. ಮತ್ತೆ ಇನ್ನೊಂದು ಬಾಟಲಿ. ಹೊಟ್ಟೆಯ ತುಂಬ ನೀರು, ಗಂಟಲಲ್ಲಿ ಮಾತ್ರ ಬೆಂಕಿ. ಒಂದು ಗುಟುಕಿಗಾಗಿ ಅಂಗಲಾಚಿದೆ. ಊರಿಗೆಲ್ಲ ಕುಡಿಸಿದವಳು ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿದಳೇ ಹೊರತು ಒಂದು ಹನಿ ಕೊಡಲಿಲ್ಲ. "ನೀನು ಹೆತ್ತಿದ್ರೆ ಕೊಡ್ತಿದ್ದೆ" ಎಂದುಬಿಟ್ಟೆ. ಈಗಲೂ ಆ ಮಾತು ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

"ಬಯ್ಯಿ. ಎಷ್ಟಾದ್ರೂ ಬಯ್ಯಿ. ಕೊಡಾಕಿಲ್ಲ" ಎಂದು ಎರಡೂ ಕೈಯಲ್ಲಿ ನನ್ನ ಮಂಡಿಗಳನ್ನು ಅದುಮಿ ಹಿಡಿದು ಕೂತಿದ್ದಳು.

ಉಸಿರು ಹಗುರಾಯಿತು. ನಳಿಗೆ ತೆಗೆದರು. ವಾರ ಕಳೆದ ಮೇಲೆ ಉಚ್ಚೆ ಬಂದಾಗ ದೊಡ್ಡವ್ವ ಅದನ್ನು ಹಿಡಿದ ಸೀಸೆಯನ್ನು ವಾರ್ಡಿನ ಮಂಚ ಮಂಚಕ್ಕೂ ಒಯ್ದು ತೋರಿಸಿದಳು. ನಾನು ನಾಚಿ ಮುಸುಕು ಎಳೆದುಕೊಂಡೆ.

ಮನೆಗೆ ಹೊರಟ ದಿನ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. "ಅವತ್ತು ಸಿಟ್ಟಲ್ಲಿ ಅಂದುಬಿಟ್ಟೆ. ನಿನ್ನ ಕಿಡ್ನಿ ಕೆಡಿಸಿದ್ದು ವಿಷ. ಎಳನೀರು ಕುಡೀದಿದ್ರೂ ಹೊಟ್ಟೆ ತೂತು ಮಾಡಲೇಬೇಕಿತ್ತು. ಆ ಕಾರು ಹತ್ತಿದ್ದಿದ್ರೆ ನೀನು ಉಳೀತಿರಲಿಲ್ಲ. ನಿಮ್ಮ ದೊಡ್ಡವ್ವಂಗೆ ಹೇಳಪ್ಪ." ಹೂಂ ಎಂದೆ. ಹೊರಗೆ ಬಂದರೆ ಬಸ್ಸಿಗೆ ಹೊತ್ತಾಗಿತ್ತು. ಊರು ಕಾಣುವ ಖುಷಿಯಲ್ಲಿ ಮರೆತೆ. ಆಮೇಲೆ ನೆನಪಾದಾಗ, ನಾನು ಬದುಕಿ ಕಣ್ಣೆದುರಿಗೇ ಓಡಾಡುತ್ತಿರುವಾಗ ಇನ್ನು ಹೇಳುವುದೇನು ಎಂದು ಸುಮ್ಮನಾದೆ.

ದೊಡ್ಡವ್ವ ಮಚ್ಚನ್ನು ಅಟ್ಟಕ್ಕೆ ಎಸೆದಳು. ಬಂದವರಿಗೆ ಪಕ್ಕದ ಮನೆಯಿಂದ ಕಾಫಿ ತರಿಸುತ್ತಿದ್ದಳು. ವಯಸ್ಸಾಯಿತು ಅಂದುಕೊಂಡೆ. ಅರಕಲಗೂಡಿನಲ್ಲಿ ಮೇಷ್ಟ್ರಾದ ಮೇಲೆ ರಜೆಗೆ ಬಂದಾಗಲೆಲ್ಲ, "ಕೈ ಸೋತೋಯ್ತಾ ದೊಡ್ಡವ್ವ?" ಎಂದು ರೇಗಿಸುತ್ತಿದ್ದೆ. ನಗುತ್ತಿದ್ದಳು.

ನಾಲ್ಕು ವರ್ಷ ಕಳೆದು ಅವಳು ಹಾಸಿಗೆ ಹಿಡಿದಳು. ಕೊನೆಯ ಸಲ ನೋಡಲು ಹೋದಾಗ ನನ್ನ ಕೈ ಹಿಡಿದು ಕೇಳಿದಳು. "ನನ್ ಕೈಯಾರೆ ನಿನ್ನ ಕೊಂದಾಕ್ಬುಡ್ತಿದ್ದೆ ಕಣ್ಲಾ. ಅದ್ನ ಮನ್ಸಿಂದ ಬುಟ್ಟಿದ್ದೀಯಾ?"

ಡಾಕ್ಟರ ಮಾತನ್ನು ಒಂದೂ ಬಿಡದೆ ಹೇಳಿದೆ. ಕಾರು ಬೇಡವೆಂದು ನನ್ನನ್ನು ಉಳಿಸಿದವಳು ನೀನೇ ಎಂದೆ.

"ಅವ್ರು ಯಾವಾಗ ಯೋಳಿದ್ದು?"

"ಆಸ್ಪತ್ರೆಯಿಂದ ಬಂದ ದಿನ."

"ಅವತ್ತೇ ಯೋಳಿದ್ರೆ ಆಯ್ತಿತ್ತಲ್ಲಪ್ಪ" ಎಂದಳು. ಅಷ್ಟೇ ಹೇಳಿ ಗೋಡೆಯ ಕಡೆ ಮಗ್ಗುಲಾದಳು.

ಮಾರನೆಯ ದಿನ ನಾನು ಅರಕಲಗೂಡಿಗೆ ಹೊರಟೆ. ವಾರದೊಳಗೆ ಅವಳು ಹೋದ ಸುದ್ದಿ ಬಂತು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬಯ್ಯಲಿಲ್ಲ.