ಹಿಡಿ ಇರುವ ಬ್ರಿಡ್ಜು

ಹಿಡಿ ಇರುವ ವಸ್ತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕಾಫಿ ಬೀಜ ಪುಡಿಮಾಡುವ ಯಂತ್ರವಿರಲಿ, ಬೀದಿಯ ಬೋರ್‌ವೆಲ್ ಇರಲಿ, ಒಮ್ಮೆ ತಿರುಗಿಸಿಯೋ ಒತ್ತಿಯೋ ನೋಡಲೇಬೇಕು. ಈ ಚಪಲದಿಂದ ನನ್ನ ಮದುವೆಯೇ ತಪ್ಪಿಹೋಗುವುದರಲ್ಲಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ಎಪ್ಪತ್ತರ ದಶಕದ ಮಾತು. ವಾರವೆಲ್ಲ ನಾನು ಕೊಳ್ಳೇಗಾಲದ ಕಚೇರಿಯೊಂದರಲ್ಲಿ ಗುಮಾಸ್ತ. ರಜೆ ಬಂದರೆ ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ವಾದಕ. ಬಡಗಿಯೊಬ್ಬರು ಹಲಸಿನ ಮರದಲ್ಲಿ ನನಗೊಂದು ಎಲೆಕ್ಟ್ರಿಕ್ ಗಿಟಾರ್ ಕೆತ್ತಿಕೊಟ್ಟಿದ್ದರು. ಅದರ ಬ್ರಿಡ್ಜು, ಅಂದರೆ ತಂತಿಗಳು ಹಾಯ್ದುಹೋಗುವ ಲೋಹದ ಪಟ್ಟಿ, ಮೈಸೂರಿನಿಂದ ಬರಬೇಕಿತ್ತು. ಅಂಗಡಿಯವರು ಆರಿಸಿಕೊಳ್ಳಲೆಂದು ಎರಡು ಕಳಿಸಿದರು. ಒಂದು, ಗುಮಾಸ್ತನ ಹಾಗೆ, ಕೂರಿಸಿದಲ್ಲೇ ಕೂತಿರುವಂಥದು. ಇನ್ನೊಂದು ಮುಂದಿನಿಂದ ತಂತಿಗಳೂ ಹಿಂದಿನಿಂದ ಸ್ಪ್ರಿಂಗ್‌ಗಳೂ ಸಮಬಲದಲ್ಲಿ ಎಳೆದು ನಿಲ್ಲಿಸುವಂಥದು, ಅದಕ್ಕೊಂದು ಹಿಡಿ! ಒತ್ತಿ ಬಿಟ್ಟರೆ ಆರೂ ತಂತಿಗಳ ಸ್ವರ ಒಟ್ಟಿಗೆ ನಡುಗುತ್ತದೆ.

ನಾನು ಶಾಸ್ತ್ರ ತೆಗೆದೆ. ಸ್ವರವನ್ನು ಅಲುಗಿಸುವುದಕ್ಕೆ ನಮ್ಮವರು ಗಮಕವೆಂದು ಹೆಸರಿಟ್ಟು, ಕಂಪಿತ, ಆಂದೋಲಿತ ಎಂದು ಬಗೆಗಳನ್ನೂ ಮಾಡಿದ್ದಾರಲ್ಲವೆ? ವೀಣೆಯವರು ವರ್ಷಗಟ್ಟಲೆ ಬೆರಳು ಸವೆಸಿ ಪಡೆಯುವುದನ್ನು ಒಂದು ಹಿಡಿ ಕೊಡುತ್ತದೆಂದರೆ ಬಿಡುವುದುಂಟೆ? ಸೋಮಾರಿಗೆ ಶಾಸ್ತ್ರದ ಬೆಂಬಲ ಸಿಕ್ಕರೆ ಹೀಗೇ ಆಗುವುದು.

ನಮ್ಮ ಬೀದಿಯಲ್ಲಿ ಬಿಗಿದು ಕಟ್ಟುವ ಏನನ್ನೇ ತಂದರೂ, ಮಂಚದ ಪಟ್ಟಿಯಾದರೂ ಸರಿ, ರೇಷ್ಮೆ ಮಗ್ಗದವರಿಗೆ ತೋರಿಸುವುದು ವಾಡಿಕೆ. ಪಕ್ಕದ ಮನೆಯ ನೇಕಾರ ರಂಗಣ್ಣ ಸ್ಪ್ರಿಂಗ್ ಒತ್ತಿ ನೋಡಿದ.

“ಅಲ್ಲ ಕಣ್ಲಾ ಮಾದೇವ, ಒಂದ್ ತಂತಿ ಕಿತ್ತೋದ್ರೆ ಮಿಕ್ಕವು ಏನಾಯ್ತವೆ? ನಮ್ ಮಗ್ಗದಲ್ಲಿ ಒಂದ್ ಎಳೆ ಕಿತ್ತೋದ್ರೆ ಗಂಟಾಕ್ತೀವಿ. ಮಿಕ್ಕವು ಅಲ್ಲಾಡಕಿಲ್ಲ.”

“ಇದು ಸೀರೆ ಅಲ್ಲ ಕಣಣ್ಣೋ,” ಎಂದು ನಕ್ಕು, ಹಿಡಿ ಇದ್ದದ್ದನ್ನೇ ಹಾಕಿಸಿದೆ.

ಆ ಹೊತ್ತಿಗೆ ಯಳಂದೂರಿನ ಮೇಷ್ಟ್ರೊಬ್ಬರ ಮಗಳನ್ನು ಮನೆಯವರು ನನಗೆ ಕೇಳಿದ್ದರು. ಹುಡುಗಿಯನ್ನು ನೋಡಿ ಬಂದಾಗಿನಿಂದ ನನಗೆ ಬೇರೆ ಧ್ಯಾನವಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಆರ್ಕೆಸ್ಟ್ರಾದವನೆಂಬ ಅನುಮಾನ. ಹನೂರಿನ ಮದುವೆಯೊಂದರಲ್ಲಿ ನನ್ನನ್ನು ಕಣ್ಣಾರೆ ಕಂಡು ಉತ್ತರ ಹೇಳುತ್ತೇನೆಂದರು.

ಹನೂರಿನಲ್ಲಿ ಧಾರೆ ಮುಗಿದು, ಊಟದ ಪಂಕ್ತಿ ಕೂತಿತ್ತು. ಮೊದಲ ಸಾಲಿನಲ್ಲೇ ಮೇಷ್ಟ್ರು. ನಾನು ಉತ್ಸಾಹದಿಂದ ಹಿಡಿ ಒತ್ತಿದೆ. ಸ್ವರ ನಡುಗಿತು, ಮಕ್ಕಳು ಕೇಕೆ ಹಾಕಿದವು. ಇನ್ನೊಮ್ಮೆ ಒತ್ತಿದೆ. ಟಣ್ಣೆಂದು ಒಂದು ತಂತಿ ಹೋಯಿತು. ಅದರ ಎಳೆತ ತಪ್ಪಿದ್ದೇ ಸ್ಪ್ರಿಂಗ್‌ಗಳು ಗೆದ್ದು ಬ್ರಿಡ್ಜನ್ನು ಹಿಂದಕ್ಕೆಳೆದವು; ಉಳಿದ ಐದು ತಂತಿಗಳ ಶ್ರುತಿಯೂ ಮೇಲಕ್ಕೇರಿತು. ರಂಗಣ್ಣ ಕೇಳಿದ್ದು ಇದನ್ನೇ ಎಂದು ಆಗ ಹೊಳೆಯಿತು. ಹಾಡು ಒಂದು ದಾರಿ, ಗಿಟಾರ್ ಒಂದು ದಾರಿ. ಪಂಕ್ತಿಯಲ್ಲಿದ್ದವರೆಲ್ಲ ಎಲೆಯಿಂದ ತಲೆಯೆತ್ತಿ ದುರುಗುಟ್ಟಿ ನೋಡಿದ್ದು ನಮ್ಮ ಗಾಯಕ ಶಿವಣ್ಣನನ್ನು!

“ಅಪಸ್ವರ ಕಣಯ್ಯ, ನಿಲ್ಸು!” ಎಂದು ಯಾರೋ ಕೂಗಿದರು.

ಸುಮ್ಮನಿದ್ದಿದ್ದರೆ ನಾನು ಪಾರಾಗುತ್ತಿದ್ದೆ. ಸುಮ್ಮನಿರಬೇಕೆಂದೂ ಅನಿಸಿತು, ಸುಳ್ಳೇಕೆ ಹೇಳಲಿ? ಆದರೆ ಶಿವಣ್ಣನ ಮುಖ ನೋಡಲಾಗಲಿಲ್ಲ. ಮೈಕು ಎಳೆದುಕೊಂಡು, “ತಪ್ಪು ಅವನದಲ್ಲ, ನನ್ನದು. ಸ್ವಲ್ಪ ಹೊತ್ತು ಕೊಡಿ,” ಎಂದೆ. ಹೊಸ ತಂತಿ ಹಾಕಿ, ಶ್ರುತಿ ಕೂಡಿಸಿ ತಲೆಯೆತ್ತುವಾಗ ಪಾಯಸ ಬಂದಿತ್ತು, ಮೇಷ್ಟ್ರು ಎದ್ದುಹೋಗಿದ್ದರು. ಹುಡುಗಿ ಕೈತಪ್ಪಿದಳೆಂದೇ ತಿಳಿದೆ.

ಕೈ ತೊಳೆದುಕೊಂಡು ಅವರು ನೇರ ವೇದಿಕೆಯ ಹತ್ತಿರ ಬಂದರು.

“ನಿನ್ ಸಂಗೀತ ನಂಗೆ ತಿಳ್ಯಾಕಿಲ್ಲ ಕಣಪ್ಪ. ತಪ್ಪು ನಂದು ಅಂತ ಮೈಕಲ್ಲಿ ಯೋಳಿದೋನ್ನ ಮಾತ್ರ ನಾನು ಇವತ್ತೇ ಕಂಡಿದ್ದು. ನಿಮ್ಮಪ್ಪಾರ್ನ ಕರ್ಕಂಡು ಮನೆ ತಾವ್ಕೆ ಬಾ.”

ಆಮೇಲೆ ಅಲುಗದ ಬ್ರಿಡ್ಜನ್ನೇ ಹಾಕಿಸಿಕೊಂಡೆ. ಮದುವೆಯೂ ಆಯಿತು. ಮೇಷ್ಟ್ರು ಮೆಚ್ಚಿದ ಆ ಮಾತನ್ನು ಅಂದಿನಿಂದ ಅವರ ಮಗಳ ಮುಂದೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೇನೆ; ಮೈಕು ಬೇಕಾಗಿಲ್ಲ.