ರಾಜ್ಯ ತಿನಿಸಿನ ಗುಮಾಸ್ತರು

ಗುಮಾಸ್ತರು ರಾಜ್ಯದ ಹಕ್ಕಿಯನ್ನು ಆರಿಸಿದ್ದು ಅರ್ಧ ಗಂಟೆಯಲ್ಲಿ, ಕಚೇರಿಯ ಕಿಟಕಿಯಲ್ಲಿ ಯಾವುದು ಕೂತಿತ್ತೋ ಅದನ್ನೇ. ರಾಜ್ಯದ ತಿನಿಸಿನ ಕಡತ ಮಾತ್ರ ಒಂಬತ್ತು ವರ್ಷದಿಂದ ಅವರ ಮೇಜು ಬಿಟ್ಟು ಕದಲಿಲ್ಲ. ಅರ್ಜಿಯ ಜೊತೆ ಮಾದರಿ ಕಡ್ಡಾಯ, ಅದೂ ಮನೆಯಲ್ಲೇ ಮಾಡಿದ್ದು, ಬಿಸಿಬಿಸಿ, ಮಧ್ಯಾಹ್ನ ಒಂದಕ್ಕೆ ಸರಿಯಾಗಿ. ಹೋಟೆಲಿನದು ತಂದರೆ ಮೂಸಿ ನೋಡಿಯೇ ವಾಪಸು ಕಳಿಸುತ್ತಾರೆ. ಮನೆಯದಾದರೆ ಬೆರಳು ಚೀಪುತ್ತಾ, "ಅಮ್ಮಾ, ಇದೇ ರಾಜ್ಯದ ತಿನಿಸು, ಎರಡು ಮಾತೇ ಇಲ್ಲ!" ಎನ್ನುತ್ತಾರೆ; ಆಯಮ್ಮ ಮೆಟ್ಟಿಲಿಳಿಯುವಷ್ಟರಲ್ಲಿ ಅರ್ಜಿಗೆ 'ಪರಿಶೀಲನೆಯಲ್ಲಿದೆ' ಎಂಬ ಮುದ್ರೆ ಬಿದ್ದಿರುತ್ತದೆ. ಆಯ್ಕೆ ಸಮಿತಿ ಯಾವುದಾದರೂ ಒಂದಕ್ಕೆ ತಲೆದೂಗಿತೋ, ಮರುದಿನವೇ 'ನೊಂದ ನಾಗರಿಕ'ನ ತಕರಾರು ಪತ್ರ ಹಾಜರ್, ಎಲ್ಲವೂ ಮೊದಲಿನಿಂದ ಶುರು. ಆ ನಾಗರಿಕನ ಕೈಬರಹ ಯಾರದೆಂದು ಮೇಲಧಿಕಾರಿಣಿ ಕೊನೆಗೂ ಪತ್ತೆಹಚ್ಚಿದರು. ಮೊನ್ನೆ ಮಧ್ಯಾಹ್ನ ಹತ್ತನೆಯ ಪತ್ರ ಹಿಡಿದು, ಗುಮಾಸ್ತರ ಬೆವರಿಳಿಸುತ್ತೇನೆಂದು ದಡದಡ ಬಂದರು. ಅಂದು ಯಾರೂ ಅರ್ಜಿ ತಂದಿರಲಿಲ್ಲ. ಕಡತ ಕೈಗೆ ಬಂದ ವರ್ಷವೇ ಹೆಂಡತಿಯನ್ನು ಕಳಕೊಂಡಿದ್ದ ಗುಮಾಸ್ತರು ಒಣಗಿದ ಬ್ರೆಡ್ಡನ್ನು ಆರಿದ ಚಹಾಕ್ಕೆ ಅದ್ದಿ ತಿನ್ನುತ್ತಿದ್ದರು. ಮೇಲಧಿಕಾರಿಣಿ ಪತ್ರವನ್ನು ಸದ್ದಿಲ್ಲದೆ ಮಡಚಿಟ್ಟುಕೊಂಡು, "ನಾಳೆ ನಮ್ಮ ಮನೆಯಿಂದಲೂ ಒಂದು ಅರ್ಜಿ ಇದೆ ರೀ, ಒಂದು ಗಂಟೆಗೆ," ಎಂದರು.